ಮಡಚುವ ಚಾಕುವಿಗೆ ಹಿಡಿ ಯಾವುದರದು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹೇಳಿ ಮಾಡಿಸಿಕೊಳ್ಳುವ ಜೇಬುಚಾಕುವಿನ ಹಿಡಿಯ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಉತ್ತರಗಳಲ್ಲಿ ಮೂರು ಮಾತು ಪದೇ ಪದೇ ಬರುತ್ತವೆ. ಅಲಗಿನ ಎರಡು ಬದಿಗೆ ನಿಲ್ಲುವ ಲೋಹದ ತೆಳು ತಗಡು ‘ಲೈನರ್’. ಅದರ ಹೊರಮೈಗೆ ಕೂರುವ ಮರ, ಕೊಂಬು ಮುಂತಾದವುಗಳ ತುಂಡು ‘ಪಕ್ಕೆ’. ಅಲಗು ಯಾವ ಮೊಳೆಯ ಮೇಲೆ ತಿರುಗುತ್ತದೋ ಅದು ‘ಪಿವಟ್’.

ಪ್ರಶ್ನೆ: ಹಳೆ ಮಂಚದ ಬೀಟೆ ಮರದ ಕಾಲು ಮನೆಯಲ್ಲಿದೆ. ಅದನ್ನೇ ಹಾಕಿ ಕಸಿ ಕಟ್ಟಲು, ಮೆಣಸಿನ ಬಳ್ಳಿ ಕತ್ತರಿಸಲು ಒಂದು ಮಡಚುವ ಚಾಕು ಮಾಡಿಕೊಡಿ ಅಂದರೆ, ಚಾಕು ಮಾಡುವವರು ‘ಆರು ತಿಂಗಳು ಕಾಯಿರಿ, ಹಿತ್ತಾಳೆ ಬೋಲ್ಸ್ಟರ್ ಇಲ್ಲದೆ ನಾನು ಮಾಡುವುದಿಲ್ಲ’ ಎನ್ನುತ್ತಾರೆ. ಕತ್ತಿಗೆ ಯಾವ ಮರ ಬೇಕಾದರೂ ಹಾಕುತ್ತೇವಲ್ಲ, ಇದಕ್ಕೇನು ಇಷ್ಟು ಮಡಿ?
— ಕೃಷಿಕರೊಬ್ಬರು, ಶಿರಸಿ ತಾಲೂಕು

ಉತ್ತರ: ನಿಮ್ಮವರು ಸರಿಯಾಗಿಯೇ ಹೇಳಿದ್ದಾರೆ. ಕತ್ತಿಯ ಹಿಡಿ ಮಳೆಗಾಲದಲ್ಲಿ ಅರ್ಧ ಮಿಲಿಮೀಟರ್ ಉಬ್ಬಿದರೆ ಯಾರಿಗೂ ಗೊತ್ತಾಗದು. ಮಡಚುವ ಚಾಕುವಿನಲ್ಲಿ ಅದರ ಐದರಲ್ಲೊಂದು ಪಾಲು ಉಬ್ಬಿದರೂ ಅಲಗು ಬಿಗಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಮಲೆನಾಡಿನ ಜುಲೈಯಲ್ಲಿ ಮನೆಯೊಳಗಿಟ್ಟ ಮರದ ತೇವ ಶೇಕಡಾ 16–18ಕ್ಕೆ ಏರುತ್ತದೆ, ಮಾರ್ಚ್ ಹೊತ್ತಿಗೆ 8–9ಕ್ಕೆ ಇಳಿಯುತ್ತದೆ. ತೇವ ಶೇಕಡಾ ಒಂದು ಬದಲಾದರೆ ಬೀಟೆ ಅಡ್ಡಕ್ಕೆ ಸುಮಾರು ಶೇಕಡಾ 0.2ರಷ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಉದ್ದಕ್ಕೆ ಆಗುವುದು ಲೆಕ್ಕಕ್ಕಿಲ್ಲ. 22 ಮಿ.ಮೀ. ಅಗಲದ ಪಕ್ಕೆ ವರ್ಷದೊಳಗೆ 0.35 ಮಿ.ಮೀ. ಆಚೀಚೆ ಆಗುತ್ತದೆ. ಮಳೆಗಾಲದಲ್ಲಿ ಅಂಚು ಸಮ ಮಾಡಿ ಉಜ್ಜಿದ್ದರೆ ಬೇಸಿಗೆಯಲ್ಲಿ ಲೈನರಿನ ಅಂಚು ಎದ್ದು ಬೆರಳಿಗೆ ತರಚುತ್ತದೆ. ಇದನ್ನು ಹೇಗೋ ಸಹಿಸಬಹುದು. ದಪ್ಪದ ಲೆಕ್ಕವೇ ತೊಂದರೆಯದು. 3 ಮಿ.ಮೀ. ದಪ್ಪದ ಎರಡು ಪಕ್ಕೆ ಸೇರಿ 0.1 ಮಿ.ಮೀ. ಉಬ್ಬುತ್ತವೆ. ಪಿವಟ್ಟಿನ ತಲೆ ಮರದ ಮೇಲೆ ಕೂತಿದ್ದರೆ ಆ 0.1 ಅಷ್ಟೂ ಅಲಗನ್ನು ಹಿಂಡುತ್ತದೆ. ಪಿವಟ್ ಬಿಗಿ ಹೊಂದಿಸುವುದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಹಾಗಾಗಿ ಆಷಾಢದಲ್ಲಿ ಚಾಕು ಬಿಚ್ಚಲು ಉಗುರು ಮುರಿಯಬೇಕು, ಚೈತ್ರದಲ್ಲಿ ಅಲಗು ಲೊಡಲೊಡ. ಬೋಲ್ಸ್ಟರ್ ಎಂದರೆ ಪಿವಟ್ ಇರುವ ಮುಂತುದಿಗೆ ಲೈನರಿನ ಮೇಲೆ ಕೂರಿಸುವ ಲೋಹದ ತುಂಡು. ಅದಿದ್ದರೆ ಪಿವಟ್ ಲೋಹ–ಲೋಹದ ನಡುವೆಯೇ ಉಳಿಯುತ್ತದೆ, ಮರ ಬರೀ ಹೊದಿಕೆ. ಬೋಲ್ಸ್ಟರ್ ನೋಡಲು ಇಷ್ಟವಿಲ್ಲದಿದ್ದರೆ, ಪಿವಟ್ಟಿನ ತಲೆ ಮರದ ತೂತಿನೊಳಗೆ ಸಡಿಲವಾಗಿ ಇಳಿದು ಲೈನರಿನ ಮೇಲೆಯೇ ಕೂರುವಂತೆ ಮಾಡಿಸಿ. ಕೆಲಸ ಹೆಚ್ಚು, ಫಲ ಒಂದೇ.

ಇನ್ನು ಕಾಯುವ ಮಾತು. ಮಂಚದ ಕಾಲು ನೂರು ವರ್ಷದ್ದಾದರೂ ಅದರ ತಿರುಳಿನ ತೇವ ಬೇರೆ, ಹೊರಮೈಯ ತೇವ ಬೇರೆ. ಕೊಯ್ದು 6 ಮಿ.ಮೀ. ಹಲಗೆ ಮಾಡಿ, ಎರಡೂ ತುದಿಗೆ ಮೇಣ ಬಳಿದು, ನಡುವೆ ಕಡ್ಡಿ ಇಟ್ಟು ಒಂದರ ಮೇಲೊಂದು ಪೇರಿಸಿ ಗಾಳಿಯಾಡುವ ನೆರಳಲ್ಲಿಡಿ. ಅಟ್ಟದ ಮೇಲೆ, ಒಲೆಯ ಹೊಗೆಗೆ ಬೇಡ. ವಾರಕ್ಕೊಮ್ಮೆ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಹಲಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಮೂರು ವಾರ ತೂಕ ಬದಲಾಗದಿದ್ದರೆ ಮರ ಸಿದ್ಧ. ಕೆಲಸಕ್ಕೆ ನವೆಂಬರ್–ಡಿಸೆಂಬರ್ ಒಳ್ಳೆಯದು. ತೇವ ನಡುಮಟ್ಟದಲ್ಲಿರುತ್ತದೆ, ಎರಡು ದಿಕ್ಕಿಗೂ ಅರ್ಧರ್ಧವೇ ಸರಿಯುತ್ತದೆ.

ಕೊಯ್ಯುವಾಗ ಹಲಗೆಯ ತುದಿ ನೋಡಿ. ಮರದ ಉಂಗುರದ ಗೆರೆಗಳು ಹಲಗೆಯ ಅಗಲ ಮೈಗೆ ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ನಿಂತ ಗೆರೆಯ ಹಲಗೆ ಅಗಲಕ್ಕೆ ಹೆಚ್ಚುಕಡಿಮೆ ಅರ್ಧದಷ್ಟೇ ಆಡುತ್ತದೆ, ಡೋಣಿಯಂತೆ ಬಾಗುವುದೂ ಕಡಿಮೆ. ಮಂಚದ ಕಾಲಿನಿಂದ ಇಂಥ ನಾಲ್ಕು ಹಲಗೆ ಸುಲಭವಾಗಿ ಸಿಗುತ್ತವೆ. ಒಂದು ಜೊತೆ ಹಾಳಾದರೂ ಇನ್ನೊಂದಿರುತ್ತದೆ.

ಬೀಟೆಯ ಮೈಯಲ್ಲಿ ಸ್ವಂತ ಎಣ್ಣೆ ಇದೆ, ಅಂಟು ಹಿಡಿಯಲು ಅದೇ ಅಡ್ಡಿ. ಅಂಟಿಸುವ ಮೈಯನ್ನು 80 ನಂಬರ್ ಎಮರಿಯಲ್ಲಿ ತರಿಮಾಡಿ, ಬಿಳಿ ಬಟ್ಟೆಯನ್ನು ಅಸಿಟೋನಿನಲ್ಲಿ ಅದ್ದಿ ಬಣ್ಣ ಬಿಡುವುದು ನಿಲ್ಲುವ ತನಕ ಒರೆಸಿ, ಹತ್ತು ನಿಮಿಷದೊಳಗೆ ಎಪಾಕ್ಸಿ ಹಚ್ಚಬೇಕು. ತಡಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಬೇಡ. ನಿಧಾನದ್ದೇ ಬೇಕು, 24 ಗಂಟೆ ಕ್ಲಾಂಪಿನಲ್ಲಿರಲಿ. ಕ್ಲಾಂಪನ್ನು ಕಸುವೆಲ್ಲ ಹಾಕಿ ತಿರುಗಿಸಿದರೆ ಅಂಟೆಲ್ಲ ಹೊರಬಂದು ಒಳಗೆ ಬರಿದಾಗುತ್ತದೆ.

ಹೊಸ ಬೀಟೆ ಕೊಳ್ಳುವುದಾದರೆ ಪರವಾನಗಿಯುಳ್ಳ ಸಾಮಿಲ್ಲಿನ ಬಿಲ್ಲು ಕೇಳಿ, ಇಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಭಿಪ್ರಾಯ ಬೇರೆಯೇ: ಕಸಿ ಕಟ್ಟುವ ಚಾಕು ದಿನವಿಡೀ ಒದ್ದೆ ಕೈಯಲ್ಲಿ, ಸೊನೆಯಲ್ಲಿ ಇರುತ್ತದೆ. ಅದಕ್ಕೆ ಬೀಟೆ ಬೇಡ, ಮುಂದಿನ ಉತ್ತರದಲ್ಲಿ ಹೇಳಿರುವ ಬಟ್ಟೆ ಹೈಲಮ್ ಹಾಕಿಸಿ. ಬೀಟೆಯ ಚಾಕು ಜೇಬಿಗಿರಲಿ, ಅಡಿಕೆ ಹೋಳು ಮಾಡಲು.

ಪ್ರಶ್ನೆ: ಮರದ ಹಿಡಿಯ ಒಪಿನೆಲ್ ಚಾಕು ಮಳೆಗಾಲ ಪೂರ್ತಿ ತೆರೆಯುವುದೇ ಇಲ್ಲ. ಈಗ ಒಂದು ಹೇಳಿ ಮಾಡಿಸಬೇಕೆಂದಿದ್ದೇನೆ. ಕಡಲ ಗಾಳಿಗೆ ಏನೂ ಆಗದ ಹಿಡಿ ಯಾವುದು? ಜೇಬು ಜಗ್ಗಬಾರದು.
— ಓದುಗರು, ಸುರತ್ಕಲ್

ಉತ್ತರ: ಆ ಫ್ರೆಂಚ್ ಚಾಕುವಿಗೆ ಲೈನರ್ ಇಲ್ಲ. ಬೀಚ್ ಮರದ ಒಂದೇ ತುಂಡಿನಲ್ಲಿ ಸೀಳು ಕೊಯ್ದು ಅಲಗು ಕೂರಿಸಿರುತ್ತಾರೆ. ಮರ ನೀರು ಕುಡಿದರೆ ಸೀಳಿನ ಎರಡು ಗೋಡೆಗಳೇ ಅಲಗನ್ನು ಹಿಡಿದುಕೊಳ್ಳುತ್ತವೆ. ಬೀಗದ ಉಂಗುರ ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿದರೆ ಅಲಗಿನ ಬೆನ್ನು ಹೊರಗೆ ಇಣುಕುತ್ತದೆ. ಚಾಕು ಒಣಗಿದ ಕಾಲದಲ್ಲಿ ಸೀಳಿನ ಒಳಗೋಡೆಗೆ ಎಮರಿ ಹಾಕಿ ಸ್ವಲ್ಪ ಸವೆಸಿ, ಅಗಸೆ ಎಣ್ಣೆ ಕುಡಿಸಿದರೆ ಅರ್ಧ ತೊಂದರೆ ಕಳೆಯಿತು.

ಹೊಸದಕ್ಕೆ ಕರಾವಳಿಯಲ್ಲಿ ನಂಬಬಹುದಾದವು ಎರಡೇ: ಮೈಕಾರ್ಟಾ ಮತ್ತು ಜಿ–10. ಬಟ್ಟೆ ಅಥವಾ ಕಾಗದವನ್ನು ಫಿನಾಲಿಕ್ ರಾಳದಲ್ಲಿ ನೆನೆಸಿ, ಕಾಸಿ ಒತ್ತಿದ್ದು ಮೈಕಾರ್ಟಾ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ವಿದ್ಯುತ್ ನಿರೋಧಕವಾಗಿ ಶುರುಮಾಡಿದ ಈ ಸರಕೇ ನಮ್ಮಲ್ಲಿ ‘ಹೈಲಮ್ ಶೀಟ್’. ಚಾಕು ಸಾಮಾನು ಮಾರುವ ಆನ್‌ಲೈನ್ ಅಂಗಡಿಯಲ್ಲಿ ಬೆರಳುದ್ದದ ತುಂಡಿಗೆ ಕೇಳುವ ದುಡ್ಡಿಗೆ ಇನ್ಸುಲೇಶನ್ ಸಾಮಾನಿನ ಅಂಗಡಿಯಲ್ಲಿ ಅದೇ ಜಾತಿಯ ದೊಡ್ಡ ತುಂಡು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಹಿಡಿಗೆ ಬೇಕಾದದ್ದು ‘ಬಟ್ಟೆ ಹೈಲಮ್’. ಕಾಗದದ ಹೈಲಮ್ ಅಂಚಿನಲ್ಲಿ ಚಕ್ಕೆ ಏಳುತ್ತದೆ, ಒದ್ದೆಯಲ್ಲಿ ಜಾರುತ್ತದೆ. ಗಾಜಿನ ನಾರು ಮತ್ತು ಎಪಾಕ್ಸಿಯದು ಜಿ–10, ಅಂಗಡಿಯವರ ಬಾಯಲ್ಲಿ ‘ಗ್ಲಾಸ್ ಎಪಾಕ್ಸಿ ಶೀಟ್’. ಸರ್ಕಿಟ್ ಬೋರ್ಡಿಗೆ ಬಳಸುವ ಎಫ್‌ಆರ್–4 ಅದರ ಅಣ್ಣತಮ್ಮ; ಬೆಂಕಿ ತಡೆಯುವ ಗುಣ ಹೆಚ್ಚು, ಹಿಡಿಗೆ ಎರಡೂ ಒಂದೇ.

100 ಮಿ.ಮೀ. ಉದ್ದ, 25 ಅಗಲ, 3 ದಪ್ಪದ ಎರಡು ಪಕ್ಕೆಗೆ ಮೈಕಾರ್ಟಾ ಸುಮಾರು 21 ಗ್ರಾಂ, ಜಿ–10 ಸುಮಾರು 27 ಗ್ರಾಂ ತೂಗುತ್ತದೆ. ಬೀಟೆಯಾದರೆ 13, ಅಲ್ಯೂಮಿನಿಯಂ 40, ಟೈಟಾನಿಯಂ 66, ಹಿತ್ತಾಳೆ 127. ಜೇಬು ಜಗ್ಗುವುದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಎರಡರಲ್ಲಿ ಒಂದು ಎಂದರೆ ಬಟ್ಟೆ ಹೈಲಮ್. ಅದನ್ನು 400 ನಂಬರ್ ಎಮರಿಗೇ ನಿಲ್ಲಿಸಿ. ಒದ್ದೆಯಾದಾಗ ಬಟ್ಟೆಯ ಎಳೆ ನವಿರಾಗಿ ಎದ್ದು ಕೈಗೆ ಹಿಡಿತ ಹೆಚ್ಚುತ್ತದೆ. ಅಂದಕ್ಕೆಂದು 2000ದ ತನಕ ಉಜ್ಜಿ ಹೊಳಪು ಕೊಟ್ಟರೆ ಆ ಗುಣವೇ ಹೋಯಿತು, ಮೀನು ಹಿಡಿದಂತೆ ಜಾರುತ್ತದೆ. ಜಿ–10 ನೀರಿಗೆ ಜಗ್ಗದು, ಮುರಿಯದು, ಆದರೆ ಒರಟು ಮೈಯದ್ದಾದರೆ ಜೇಬಿಗೆ ಸಿಕ್ಕಿಸುವ ಕ್ಲಿಪ್ಪಿನಡಿ ಪ್ಯಾಂಟಿನ ಜೇಬನ್ನು ತಿಂಗಳೊಪ್ಪತ್ತಿನಲ್ಲಿ ತಿಂದುಹಾಕುತ್ತದೆ. ಕ್ಲಿಪ್ ಕೂರುವ ಜಾಗವನ್ನಷ್ಟೇ ನಯ ಮಾಡಿಸಿ. ನೀವೇ ಕೊಯ್ಯುವವರಾದರೆ ಸಾಮಾನ್ಯ ಡ್ರಿಲ್ ಬಿಟ್ ನಾಲ್ಕೈದು ತೂತಿಗೇ ಮೊಂಡಾಗುತ್ತದೆ, ಕಾರ್ಬೈಡ್ ಬಿಟ್ ತನ್ನಿ. ಗಾಜಿನ ದೂಳು ಶ್ವಾಸಕೋಶಕ್ಕೆ ಬೇಡ: ನೀರು ಹಾಕಿಕೊಂಡು ಉಜ್ಜಿ, ಎನ್–95 ಮಾಸ್ಕ್ ಕಟ್ಟಿ. ಕರವಸ್ತ್ರ ಸಾಲದು.

ಪ್ರಶ್ನೆ: ಎಮ್ಮೆ ಕೊಂಬಿನ ಪಕ್ಕೆ ಹಾಕಿ ಮೊಳೆ ಬಡಿದೆ. ಅವತ್ತು ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಮೊಳೆಯಿಂದ ಅಂಚಿನ ತನಕ ಕೂದಲೆಳೆಯಂಥ ಸೀಳು ಬಂತು. ಮೂರನೇ ಸಲ ಹೀಗಾಗ್ತಿರೋದು.
— ಹವ್ಯಾಸಿ ಚಾಕು ತಯಾರಕರು, ಕಲಬುರಗಿ

ಉತ್ತರ: ಸೀಳು ಹುಟ್ಟಿದ್ದು ಏಪ್ರಿಲ್‌ನಲ್ಲಲ್ಲ, ನೀವು ಸುತ್ತಿಗೆ ಎತ್ತಿದ ದಿನವೇ. ಮೊಳೆಯ ತಲೆ ಬಡಿದು ಅಗಲಿಸುವಾಗ ತಲೆಯಷ್ಟೇ ಅಲ್ಲ, ತೂತಿನೊಳಗಿನ ಮೊಳೆಯ ಮೈಯೂ ಉಬ್ಬುತ್ತದೆ. ಕೊಂಬು ಉಗುರಿನ ಜಾತಿ, ಪದರ ಪದರವಾಗಿ ಬೆಳೆದದ್ದು. ಒಳಗಿಂದ ಒತ್ತಿದರೆ ಪದರದ ಸಾಲಿಗೇ ಸೀಳುತ್ತದೆ. ಒತ್ತಡ ಒಳಗೇ ಉಳಿದು, ಬಿಸಿಲಿಗೆ ಕೊಂಬು ಒಣಗಿ ಕುಗ್ಗಿದಾಗ ಬಾಯಿ ಬಿಟ್ಟಿದೆ.

ಮಾಡಬೇಕಾದ್ದು ಇಷ್ಟು. 2 ಮಿ.ಮೀ. ಹಿತ್ತಾಳೆ ತಂತಿಯ ಮೊಳೆಗೆ ಲೈನರಿನಲ್ಲಿ 2 ಮಿ.ಮೀ. ತೂತು, ಕೊಂಬಿನಲ್ಲಿ 2.2. ತೂತಿನ ನಡು ಅಂಚಿನಿಂದ ಕನಿಷ್ಠ 4 ಮಿ.ಮೀ. ಒಳಗಿರಲಿ. ಕೊಂಬಿನ ತೂತಿನ ಹೊರಬಾಯಿಯನ್ನು ಕೌಂಟರ್‌ಸಿಂಕ್ ಬಿಟ್ಟಿನಿಂದ, ಯಂತ್ರದಲ್ಲಿ ಬೇಡ, ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ ಆಲಿಕೆಯಂತೆ ಸ್ವಲ್ಪ ಅಗಲಿಸಿ. ಉಬ್ಬುವ ಲೋಹಕ್ಕೆ ಜಾಗ ಅಲ್ಲಿದೆ. ಮೊಳೆಯನ್ನು ಮಂದ ಕೆಂಪಗೆ ಕಾಸಿ ಆರಿಸಿಕೊಂಡರೆ ಮೆತ್ತಗಾಗುತ್ತದೆ. ತಂತಿ ಎಳೆಯುವಾಗ ಬಂದ ಗಡಸು ಇಳಿಯದಿದ್ದರೆ ಎರಡರಷ್ಟು ಬಡಿಯಬೇಕಾದೀತು. ಎರಡೂ ಬದಿಗೆ 1 ಮಿ.ಮೀ. ಮಾತ್ರ ಹೊರಗೆ ಬಿಡಿ. ಹೆಚ್ಚು ಬಿಟ್ಟರೆ ತಲೆ ಆಗುವ ಮೊದಲೇ ಮೊಳೆ ಒಳಗೆ ಬಾಗುತ್ತದೆ. ನೂರು ಗ್ರಾಮಿನ ಸುತ್ತಿಗೆ, ಗುಂಡುತಲೆಯ ಕಡೆಯಿಂದ, ತಲೆಯ ಸುತ್ತಂಚಿಗೆ ಸಣ್ಣ ಸಣ್ಣ ಐವತ್ತು ಏಟು. ಹತ್ತು ಏಟಿಗೊಮ್ಮೆ ಮಗುಚಿ ಆ ಬದಿಗೂ ಅಷ್ಟೇ ಬಡಿಯಿರಿ. ಏಟಿನ ಸದ್ದು ‘ಟಕ್’ ಎನ್ನುವುದು ‘ಟಣ್’ ಆದಾಗ ಮೊಳೆ ತುಂಬಿತು ಎಂದರ್ಥ, ಅಲ್ಲಿಗೆ ನಿಲ್ಲಿಸಿ. ನಿಮ್ಮ ಮೂರೂ ಸೀಳು ಆ ‘ಟಣ್’ ಆದಮೇಲೆ ‘ಇನ್ನೊಂದೆರಡು ಇರಲಿ’ ಎಂದು ಹಾಕಿದ ಏಟಿನವೇ ಇರಬಹುದು.

ಇದಕ್ಕಿಂತ ನಿಶ್ಚಿಂತೆ ಬೇಕೆಂದರೆ ಎಂ–2 (2 ಮಿ.ಮೀ.) ತಿರುಪು. ಲೈನರಿಗೆ ಆಟೆ (ತಿರುಪು ಕಚ್ಚುವ ಸುರುಳಿ ಗೆರೆ) ಕೊಯ್ದು, ಕೊಂಬಿನಲ್ಲಿ 2.4 ಮಿ.ಮೀ. ತೂತು ಬಿಟ್ಟು, ತಿರುಪಿನ ತಲೆಯಡಿ 1.5 ಮಿ.ಮೀ. ಕೊಂಬು ಉಳಿಯುವಂತೆ ಕೂರಿಸಿ. ತೂತು ಸಡಿಲವಿರುವುದರಿಂದ ಕೊಂಬು ಋತುವಿಗೆ ತಕ್ಕಂತೆ ಸರಿದಾಡುತ್ತದೆ.

ಈಗಿನ ಸೀಳಿಗೆ: ತೆಳು ಸೂಪರ್ ಗ್ಲೂ ಒಂದು ಹನಿ ಬಿಟ್ಟರೆ ತಾನೇ ಒಳಗೆ ಹೀರಿಕೊಳ್ಳುತ್ತದೆ. ಮೇಲೆ ಕೊಂಬಿನ ಪುಡಿ ಉದುರಿಸಿ, ಒಣಗಿದ ಮೇಲೆ ಉಜ್ಜಿ. ಕಪ್ಪು ಕೊಂಬಿನಲ್ಲಿ ಗುರುತೂ ಕಾಣದು. ಉಜ್ಜುವಾಗ ಕೂದಲು ಸುಟ್ಟ ವಾಸನೆ ಬಂದರೆ ಮೈ ಕಾಯುತ್ತಿದೆ, ನೀರಿಗದ್ದಿ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಡುವ ಕೊಂಬಿನ ಹಿಡಿಯನ್ನು ಉಣ್ಣೆ ಬಟ್ಟೆ ತಿನ್ನುವ ಹುಳುವೇ ಕೊರೆಯುತ್ತದೆ. ವರ್ಷಕ್ಕೆರಡು ಸಲ ಔಷಧದಂಗಡಿಯ ಲಿಕ್ವಿಡ್ ಪ್ಯಾರಫಿನ್ ಸವರಿ, ಆಗಾಗ ತೆಗೆದು ನೋಡಿ.

ಪ್ರಶ್ನೆ: ಕಾಫಿ ತೋಟದಲ್ಲಿ ಉದುರಿಬಿದ್ದ ಕಡವೆ ಕೊಂಬು ಸಿಕ್ಕಿದೆ. ಹಿಡಿ ಮಾಡಿಸಬಹುದೇ?
— ಮೂಡಿಗೆರೆ

ಉತ್ತರ: ಬೇಡ. ತಾನಾಗಿ ಉದುರಿದ್ದಾದರೂ ಇಟ್ಟುಕೊಳ್ಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತೊಡಕಿಗೆ ಸಿಗುತ್ತದೆ. ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಆ ಗಂಟುಗಂಟು ಮೈಯೇ ಬೇಕಿದ್ದರೆ ಸಾಕುಪ್ರಾಣಿಯ ಮೂಳೆಗೆ ಕೊರೆದ ಗೀರು ಹಾಕಿಸಿ, ಪೊಟ್ಯಾಸಿಯಂ ಪರ್ಮಾಂಗನೇಟಿನ ದ್ರಾವಣದಲ್ಲಿ ಕಂದು ಬಣ್ಣ ಹಿಡಿಸಬಹುದು. ದೂರದಿಂದ ನೋಡಿದವರು ಮೋಸಹೋಗುವಷ್ಟು ಚೆನ್ನಾಗಿ ಬರುತ್ತದೆ. ಮೂಳೆಯಲ್ಲಿ ಜಿಡ್ಡು ಉಳಿದಿದ್ದರೆ ಬಣ್ಣ ತೇಪೆತೇಪೆಯಾಗುತ್ತದೆ, ಮೊದಲು ಸೋಪಿನ ನೀರಲ್ಲಿ ದಿನಗಟ್ಟಲೆ ನೆನೆಹಾಕಿ ಜಿಡ್ಡು ತೆಗೆಯಬೇಕು.

ಪ್ರಶ್ನೆ: ಹಿಡಿ ಪೂರ್ತಿ ಟೈಟಾನಿಯಂ ಇರಲಿ, ನೀಲಿ ಬಣ್ಣ ಬರಲಿ ಎಂದಿದ್ದೇನೆ. ಸ್ನೇಹಿತರು ಕಾರ್ಬನ್ ಫೈಬರ್ ಹಾಕಿಸು ಎನ್ನುತ್ತಾರೆ.
— ಬೆಂಗಳೂರು

ಉತ್ತರ: ಎರಡೂ ಸೇರಿಸಿ: 1.5 ಮಿ.ಮೀ. ಟೈಟಾನಿಯಂ ಲೈನರ್, ಮೇಲೆ ಕಾರ್ಬನ್ ಫೈಬರ್ ಪಕ್ಕೆ. ಅದೇ ಪಕ್ಕೆಯನ್ನು ಅಲ್ಯೂಮಿನಿಯಂ ಲೈನರಿಗೆ ತಾಗಿಸಿ ಹಾಕಿದರೆ ಬೆವರು ಕೂತಲ್ಲಿ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುತ್ತದೆ, ಟೈಟಾನಿಯಮ್ಮಿಗೆ ಆ ಕಾಟವಿಲ್ಲ. ನೀಲಿ ಎಂದರೆ ಬಣ್ಣವಲ್ಲ. 30 ವೋಲ್ಟಿನ ಸುತ್ತ ವಿದ್ಯುತ್ ಹಾಯಿಸಿದಾಗ ಮೈಮೇಲೆ ಬೆಳೆಯುವ ಆಕ್ಸೈಡ್ ಪೊರೆ. ಬೀಗದ ಕೈ ಜೊತೆ ಒಂದೇ ಜೇಬಿನಲ್ಲಿಟ್ಟರೆ ಕೆಲವೇ ತಿಂಗಳಲ್ಲಿ ಅಂಚುಗಳು ಬೆಳ್ಳಗಾಗುತ್ತವೆ. ಒಳಗಿನ ಲೈನರಿಗೆ ಮಾತ್ರ ನೀಲಿ ಮಾಡಿಸಿ, ಚಾಕು ಬಿಚ್ಚಿದಾಗ ಕಾಣುತ್ತದೆ, ಗೀರೂ ಬೀಳದು.

ಪ್ರಶ್ನೆ: ಚನ್ನಪಟ್ಟಣದ ಗೊಂಬೆಯ ಹಾಗೆ ಆಲೆ ಮರಕ್ಕೆ ಅರಗಿನ ಬಣ್ಣ ಹಾಕಿದ ಹಿಡಿ ಆಗದೇ?
— ರಾಮನಗರ

ಉತ್ತರ: ಅರಗಿನ ಕಡ್ಡಿ ಕರಗಿ ಹತ್ತುವುದು ಕಡಚಲಿನಲ್ಲಿ ಗುಂಡಗೆ ತಿರುಗುವ ಮರದ ತಿಕ್ಕಾಟದ ಬಿಸಿಗೆ. ಚಪ್ಪಟೆ ಪಕ್ಕೆಯನ್ನು ಹಾಗೆ ತಿರುಗಿಸಲಾಗದು. ಅರಗು ಬಿಸಿಲಲ್ಲಿಟ್ಟ ಬೈಕಿನ ಡಿಕ್ಕಿಯೊಳಗೆ ಮೆತ್ತಗಾಗುತ್ತದೆ, ಸ್ಯಾನಿಟೈಸರ್ ತಾಗಿದರೆ ಕರಗುತ್ತದೆ. ಆಲೆ ಮರವೂ ಈ ದಪ್ಪಕ್ಕೆ ಮೆದು. ಗುಂಡು ಹಿಡಿಯ ಅಡುಗೆ ಚಾಕುವಿಗಾದರೆ ಒಂದು ಕೈ ನೋಡಬಹುದು.

ಪ್ರಶ್ನೆ: ಅಜ್ಜಿಯ ಹಳೆ ಇಳಕಲ್ ಸೀರೆಯಿಂದ ಮನೆಯಲ್ಲೇ ಮೈಕಾರ್ಟಾ ಮಾಡಬೇಕಂತ ಆಸೆ. ಒಮ್ಮೆ ಮಾಡಿ ನೋಡಿದೆ, ಕೊಯ್ದಾಗ ಪದರ ಬಿಟ್ಟುಕೊಂಡ್ವು.
— ಬಾಗಲಕೋಟೆ

ಉತ್ತರ: ಸೀರೆಯ ಮೈಯ ಹತ್ತಿ ಭಾಗವನ್ನಷ್ಟೇ ಬಳಸಿ. ಸೆರಗು, ಅಂಚಿನ ರೇಷ್ಮೆಯ ನುಣುಪು ನೂಲು ರಾಳವನ್ನು ಹತ್ತಿಯಂತೆ ಕುಡಿಯುವುದಿಲ್ಲ, ಪದರ ಬಿಡುವುದು ಸಾಮಾನ್ಯವಾಗಿ ಅಲ್ಲೇ. ಇನ್ನೊಂದು ಕಾರಣ ಗಂಜಿ. ಬಿಸಿನೀರಲ್ಲಿ ಸೋಪು ಹಾಕಿ ಎರಡು ಸಲ ಒಗೆದು, ಪರಿಮಳದ ಕಂಡೀಷನರ್ ಹಾಕದೆ, ಪೂರ್ತಿ ಒಣಗಿಸಿ, ಇಸ್ತ್ರಿ ಮಾಡಿ.

28 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ 20–22 ತುಂಡು ಕತ್ತರಿಸಿ. ತೆಳು ಹತ್ತಿಗೆ ಇಷ್ಟು ಪದರ ಒತ್ತಿದರೆ ಸುಮಾರು 5 ಮಿ.ಮೀ. ಆಗುತ್ತದೆ, ಎರಡೂ ಪಕ್ಕೆಗೆ ಒಂದೇ ಹಲಗೆ ಸಾಕು. ಫೈಬರ್ ಕೆಲಸದ ಸಾಮಾನಿನ ಅಂಗಡಿಯಿಂದ ತೆಳ್ಳನೆಯ ಲ್ಯಾಮಿನೇಟಿಂಗ್ ಎಪಾಕ್ಸಿ ತನ್ನಿ, 120 ಗ್ರಾಂ ಬೇಕಾದೀತು. ಗಟ್ಟಿಕಾರಕವನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲೇ, ತೂಗಿ ಹಾಕಿ. ‘ಬೇಗ ಗಟ್ಟಿಯಾಗಲಿ’ ಎಂದು ಹೆಚ್ಚು ಹಾಕಿದರೆ ಆಗುವುದು ರಬ್ಬರಿನಂಥ ಹಲಗೆ. ಕಲಸಿದ ಮೇಲೆ ಅಗಲ ತಟ್ಟೆಗೆ ಸುರಿಯಿರಿ. ಲೋಟದಲ್ಲೇ ಬಿಟ್ಟರೆ ಕಾವು ಒಳಗೇ ಕೂಡಿ ಹೊಗೆಯಾಡಬಹುದು. ಒಂದೊಂದೇ ತುಂಡನ್ನು ಎರಡೂ ಬದಿ ನೆನೆಸಿ, ಗಾಳಿ ಗುಳ್ಳೆ ಬೆರಳಲ್ಲಿ ಸವರಿ ಓಡಿಸಿ, ಪೇರಿಸಿ. ಮೇಲೆ ಕೆಳಗೆ ದಪ್ಪ ಪಾಲಿಥೀನ್, ಅದರಾಚೆ ಎರಡು ನೇರ ಹಲಗೆ, ಐದು ಸಿ–ಕ್ಲಾಂಪ್. ನಡುವಿನಿಂದ ಶುರುಮಾಡಿ ತುದಿಯ ಕಡೆಗೆ ಬಿಗಿಯಿರಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಮರುದಿನ ಬಿಚ್ಚಬಹುದು, ಕೊಯ್ಯುವುದು ಮಾತ್ರ ವಾರದ ನಂತರ. ಹಸಿಯಿದ್ದಾಗ ಕೊಯ್ದರೆ ಗರಗಸದ ಕಾವಿಗೇ ಪದರ ಬಿಡುತ್ತದೆ. ನಿಮ್ಮ ಮೊದಲ ಹಲಗೆಗೆ ಹೀಗೂ ಆಗಿದ್ದೀತು.

ಒಂದು ನಿರಾಸೆಯನ್ನು ಮೊದಲೇ ಹೇಳಿಬಿಡುತ್ತೇವೆ. ಸೀರೆಯ ಚೌಕುಳಿ ಹಿಡಿಯ ಮೇಲೆ ಚೌಕುಳಿಯಾಗಿ ಉಳಿಯುವುದಿಲ್ಲ. ಅಂಚು ಇಳಿಸಿ ಗುಂಡಗೆ ಉಜ್ಜಿದಲ್ಲಿ ಪದರಗಳು ಗುಡ್ಡದ ನಕಾಶೆಯ ಗೆರೆಗಳಂತೆ ಒಂದರೊಳಗೊಂದು ಕಾಣುತ್ತವೆ. ಆ ಗೆರೆ ಎದ್ದು ಕಾಣಲು ಮೂರು ಪದರಕ್ಕೊಮ್ಮೆ ಬೇರೆ ಬಣ್ಣದ ಬಟ್ಟೆ ಹಾಕಿ. ರಾಳ ಕುಡಿದ ಬಣ್ಣ ಎಷ್ಟು ಗಾಢವಾಗುತ್ತದೆಂದು ತಿಳಿಯಲು ತುಂಡನ್ನು ನೀರಿಗದ್ದಿ ನೋಡಿ, ಹೆಚ್ಚುಕಡಿಮೆ ಅದೇ ಬಣ್ಣ. ತಿಳಿಹಳದಿ, ಬಿಳಿ ಬಿಟ್ಟರೆ ಉಳಿದದ್ದೆಲ್ಲ ಕಪ್ಪಿನ ಕಡೆಗೇ ಹೋಗುತ್ತದೆ.

ಪ್ರಶ್ನೆ: ಅಪ್ಪನ ಪೆಟ್ಟಿಗೆಯಲ್ಲಿ ಆಮೆ ಚಿಪ್ಪಿನಂಥ ಹೊಳೆಯುವ ಹಿಡಿಯ ಹಳೆ ವಿಲಾಯಿತಿ ಚಾಕು ಇದೆ. ಎಣ್ಣೆ ಹಚ್ಚಿಟ್ಟರೂ ಅಲಗು ತುಕ್ಕು ಹಿಡಿಯುತ್ತಿದೆ, ಪಕ್ಕದ ಚಾಕುಗಳಿಗೂ ಹತ್ತಿದೆ.
— ಮೈಸೂರು

ಉತ್ತರ: ಹಿಡಿ ಸೆಲ್ಯುಲಾಯ್ಡ್ ಇರಬೇಕು. ಹಳತಾದಂತೆ ಅದು ಹೊರಬಿಡುವ ಅನಿಲ ತೇವಕ್ಕೆ ಸೇರಿ ಆಮ್ಲವಾಗುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಸುತ್ತಲಿನ ಉಕ್ಕನ್ನೆಲ್ಲ ತಿನ್ನುತ್ತದೆ. ಬೇರೆ ಇಡಿ, ಗಾಳಿಯಾಡುವಲ್ಲಿಡಿ. ಹಿಡಿ ಬಿರುಕುಬಿಟ್ಟು ಹರಳು ಹರಳಾಗಿದ್ದರೆ ತೆಗೆಸಿ ಮೂಳೆ ಅಥವಾ ಹೈಲಮ್ ಹಾಕಿಸಿ. ತೆಗೆಯುವವರಿಗೆ ಮೊದಲೇ ಹೇಳಿ: ಇದು ಥಟ್ಟನೆ ಹೊತ್ತಿಕೊಳ್ಳುವ ವಸ್ತು, ಗ್ರೈಂಡರಿಗೆ ಹಿಡಿಯಬಾರದು.

ಪ್ರಶ್ನೆ: ಹುಣಸೆ ಚೇಗಿನ ಹಿಡಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ. ಅಂಟಂಟು, ಕಮಟು ವಾಸನೆ. ಏನು ಹಚ್ಚಲಿ?
— ತಿಪಟೂರು

ಉತ್ತರ: ಕೊಬ್ಬರಿ ಎಣ್ಣೆ ಒಣಗಿ ಪೊರೆಯಾಗುವ ಎಣ್ಣೆಯಲ್ಲ, ಎಷ್ಟು ಹಚ್ಚಿದರೂ ದೂಳು ಹಿಡಿಯುತ್ತದೆ. ಅಸಿಟೋನಿನಲ್ಲಿ ಒರೆಸಿ ತೆಗೆಯಿರಿ. ಪೇಂಟಿನ ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಅಗಸೆ ಎಣ್ಣೆ ಸಿಗುತ್ತದೆ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ, ಒಂದು ದಿನ ಒಣಗಿಸಿ. ಹೀಗೆ ನಾಲ್ಕೈದು ಸಲ. ಒರೆಸದೆ ಬಿಟ್ಟರೆ ಇದೂ ಅಂಟೇ. ಬೀಟೆಯವರು ಇದನ್ನು ಹಚ್ಚಬೇಡಿ, ಅದರ ಸ್ವಂತ ಎಣ್ಣೆ ಅಗಸೆ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ. 1000 ನಂಬರಿನ ತನಕ ಉಜ್ಜಿ ಮೇಣ ತಿಕ್ಕಿದರೆ ಸಾಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ಒಣಗುವಾಗ ತನ್ನ ಕಾವಿಗೆ ತಾನೇ ಹೊತ್ತಿಕೊಳ್ಳಬಲ್ಲದು. ಹಿತ್ತಲ ತಂತಿಯ ಮೇಲೆ ಬಿಡಿಸಿ ಹರವಿ, ಗರಿಗರಿ ಒಣಗಿದ ಮೇಲೆ ಕಸಕ್ಕೆ ಹಾಕಿ.